ಕುದುರೆಮುಖದ ದಾರಿಯಲ್ಲಿ ಕಲಿತ ಪಾಠ

ರಜೆಯೆಂದರೆ ಮನೆಯಲ್ಲಿ ಮಲಗಿರುವದಲ್ಲ, ಕಾಲುಗಳಿಗೂ ಕಣ್ಣುಗಳಿಗೂ ಹೊಸ ಕೆಲಸ ಕೊಡುವದೇ ನಿಜವಾದ ರಜೆ ಎಂದು ನಾವು ಬಹು ಕಾಲದಿಂದ ನಮ್ಮ ಹುಡುಗಿಯರಿಗೆ ಹೇಳುತ್ತ ಬಂದವರು. ಹೇಳಿದ್ದನ್ನು ನಡೆಸಿ ತೋರಿಸಬೇಕೆಂದು ಕಳೆದ ದಸರೆಯ ರಜೆಯಲ್ಲಿ ಮೇಲಿನ ತರಗತಿಗಳ ಇಪ್ಪತ್ತು ಮಂದಿ ಹುಡುಗಿಯರನ್ನೂ ಇಬ್ಬರು ಸಹೋಪಾಧ್ಯಾಯಿನಿಯರನ್ನೂ ಸಂಗಡ ಕರಕೊಂಡು ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ಹೊರಟೆವು.

ಉದ್ಯಾನವೆಂಬ ಹೆಸರನ್ನು ಕೇಳಿ ಕೆಲವು ತಾಯಂದಿರು ಹೂವಿನ ಪಾತಿಗಳನ್ನೂ ಕಲ್ಲುಬೆಂಚುಗಳನ್ನೂ ನೆನಸಿಕೊಂಡರೆಂದು ತೋರುತ್ತದೆ. ಅದು ಹಾಗಲ್ಲ. 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಸಾರಲ್ಪಟ್ಟ ಈ ಪ್ರದೇಶವು ಸುಮಾರು 600 ಚದರ ಕಿಲೋಮೀಟರುಗಳಷ್ಟು ಘಟ್ಟದ ಕಾಡು. ಕಣಿವೆಗಳ ಮಡಿಲಲ್ಲಿ ಶೋಲಾ ಎಂಬ ಗಿಡ್ಡ ಮರಗಳ ದಟ್ಟವಾದ ಅಡವಿ. ಗಾಳಿಗೆ ಮೈಯೊಡ್ಡಿದ ಇಳಿಜಾರುಗಳಲ್ಲಿ ಬರೀ ಹುಲ್ಲು. ಮಳೆಗಾಲದ ನೀರನ್ನು ಈ ಹುಲ್ಲೂ ಅಡವಿಯೂ ಹಿಡಿದಿಟ್ಟುಕೊಂಡು, ಜಿಪುಣ ಗೃಹಿಣಿಯ ಹಾಗೆ, ಬೇಸಗೆಯವರೆಗೂ ಸ್ವಲ್ಪ ಸ್ವಲ್ಪವಾಗಿ ಬಿಡುತ್ತವೆ. ತುಂಗಾ, ಭದ್ರಾ, ನೇತ್ರಾವತಿ ನದಿಗಳು ಹುಟ್ಟುವ ಗಂಗಾಮೂಲವೂ ಈ ಉದ್ಯಾನದೊಳಗೇ ಉಂಟು. ಅನೇಕ ವರುಷ ಇಲ್ಲಿ ನಡೆದ ಕಬ್ಬಿಣದ ಅದಿರಿನ ಗಣಿಗಾರಿಕೆಯು ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಂತೆ 2005ರ ಕೊನೆಗೆ ನಿಂತಿತು.

ಸಂಸೆಯ ಬಳಿಯಲ್ಲಿ ರಾತ್ರಿ ಕಳೆದು, ಬೆಳಗಾಗುತ್ತಲೇ ಮುಳ್ಳೋಡಿಯಿಂದ ನಡೆಯತೊಡಗಿದೆವು. ಶಿಖರದ ಎತ್ತರ ಸುಮಾರು 1,890 ಮೀಟರು. ಹೋಗಿ ಬರುವ ದಾರಿ ಸುಮಾರು 20 ಕಿಲೋಮೀಟರು. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಹತ್ತುವ ಹಾಗಿಲ್ಲ. ಮೇಲೆ ರಾತ್ರಿ ತಂಗುವ ಹಾಗೂ ಇಲ್ಲ. ಹಳ್ಳಿಯವರೇ ಆದ ಮಾರ್ಗದರ್ಶಿಯೊಬ್ಬರು ನಮ್ಮ ಮುಂದೆ ನಡೆದರು. ಅವರು ಹೆಚ್ಚು ಮಾತಾಡುವವರಲ್ಲ.

ತೊರೆಗಳನ್ನು ದಾಟುವಾಗ ನಗೆಯೇನು, ಕಾಲಿಗೆ ಹತ್ತಿದ ಉಂಬಳಗಳನ್ನು ಕಂಡು ಕೂಗಾಟವೇನು! ಒಂಟಿಮರವೆಂಬ ಸ್ಥಳವನ್ನು ದಾಟುವ ತನಕ ಎಲ್ಲವೂ ಚೆನ್ನಾಗಿತ್ತು. ಅಲ್ಲಿಂದ ಏರು ಕಠಿಣವಾಯಿತು. ಚುರುಕಾದವರು ಮುಂದೆ ಓಡಿದರು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಹಿಂದೆ ಬಿದ್ದಳು. ಮುಂದಿನವರು ಕುಳಿತು ದಣಿವಾರಿಸಿಕೊಳ್ಳುವರು. ಇವಳು ಬಂದು ಮುಟ್ಟುತ್ತಲೇ ಅವರು ಎದ್ದು ಹೊರಡುವರು. ಹೀಗೆ ಯಾರಿಗೆ ವಿಶ್ರಾಂತಿ ಹೆಚ್ಚು ಬೇಕಾಗಿತ್ತೋ ಅವಳಿಗೇ ಅದು ಸಿಕ್ಕಲಿಲ್ಲ.

ನಮಗೆ ಅದು ಕಾಣಲಿಲ್ಲ. ಶಿಖರದ ಮೇಲೆ ಎಲ್ಲರನ್ನೂ ನಿಲ್ಲಿಸಿ ಇದೇ ಸಂಚಿಕೆಗಾಗಿ ಒಂದು ಭಾವಚಿತ್ರ ತೆಗೆಯಿಸಬೇಕೆಂಬ ಆಶೆ ನಮ್ಮ ಮನಸ್ಸನ್ನು ತುಂಬಿಕೊಂಡಿತ್ತು. "ನಿನ್ನ ದೆಸೆಯಿಂದ ಇಪ್ಪತ್ತು ಜನರಿಗೆ ತಡ," ಎಂದು ಗದರಿಸಿದೆವು. ಅವಳು ಉತ್ತರ ಕೊಡಲಿಲ್ಲ. ಮುಖ ತಿರುಗಿಸಿ ಕಣ್ಣೊರಸಿಕೊಂಡಳು.

ಮಾರ್ಗದರ್ಶಿಯು ಇದನ್ನು ನೋಡಿ ಕೆಳಗಿಳಿದು ಬಂದು, ನಮಗೆ ಒಂದು ಮಾತನ್ನೂ ಆಡದೆ, ಅವಳ ಚೀಲವನ್ನು ತನ್ನ ಹೆಗಲಿಗೆ ಹಾಕಿಕೊಂಡು, "ಈ ಮಗು ನನ್ನ ಬೆನ್ನ ಹಿಂದೆಯೇ ನಡೆಯಲಿ, ಅದನ್ನು ಯಾರೂ ದಾಟಬಾರದು," ಎಂದರು. ಸಾಲೆಲ್ಲ ಅವಳ ನಡಿಗೆಗೆ ಹೊಂದಿಕೊಂಡಿತು. ಆಶ್ಚರ್ಯವೇನೆಂದರೆ, ಆ ಮೇಲೆ ಅವಳು ನಿಲ್ಲಲೇ ಇಲ್ಲ. ಓಡುವವರಿಗೆ ಹುಲ್ಲಿನ ನಡುವಿನ ಚಿಕ್ಕ ಹೂವುಗಳು ಮೊದಲ ಸಾರಿ ಕಣ್ಣಿಗೆ ಬಿದ್ದವು.

ಆದಾಗ್ಯೂ ತಡವಾಗಿತ್ತು. ಶಿಖರ ಎದುರಿಗೇ ಇರುವಾಗ ಕಣಿವೆಯಿಂದ ಮಂಜು ಎದ್ದು ಅದನ್ನು ಮುಚ್ಚಿತು. ಮಾರ್ಗದರ್ಶಿಯು ಗಡಿಯಾರವನ್ನು ನೋಡಿ ಹಿಂದಿರುಗಬೇಕೆಂದರು. ಹುಡುಗಿಯರು ನಮ್ಮ ಮುಖವನ್ನು ನೋಡಿದರು. ಇನ್ನು ಅರ್ಧ ಗಂಟೆಯೇ ಅಲ್ಲವೇ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡು ಹಿಂದಿರುಗಿದೆವು. ಇಳಿಯುವಾಗಲೂ ಅದೇ ಹುಡುಗಿ ಮುಂದೆ. ಕತ್ತಲಾಗುವದಕ್ಕೆ ಮುಂಚೆ ಇಪ್ಪತ್ತು ಮಂದಿಯೂ ಒಟ್ಟಿಗೆ ಮುಳ್ಳೋಡಿಯನ್ನು ಮುಟ್ಟಿದರು. ಆ ರಾತ್ರಿ ಊಟಕ್ಕೆ ಕುಳಿತಾಗ, ಎಲ್ಲರೂ ಕೇಳುವಂತೆ, ಅವಳ ಹತ್ತಿರ ಕ್ಷಮೆ ಬೇಡಿದೆವು. ನಲವತ್ತು ದಾಟಿದ ಮುಖ್ಯೋಪಾಧ್ಯಾಯಿನಿಗೆ ಅದು ಬೆಟ್ಟದ ಏರಿಗಿಂತ ಕಷ್ಟವಾಗಿತ್ತೆಂದು ಒಪ್ಪಿಕೊಳ್ಳಬೇಕು.

ಮಲಗಿದ ಮೇಲೆ ನಿದ್ರೆ ಬರಲಿಲ್ಲ. ಇಷ್ಟು ವರುಷ ನಾವು ತರಗತಿಗಳಲ್ಲಿ ಮಾಡಿದ್ದೂ ಇದನ್ನೇ ಅಲ್ಲವೇ? ಅಂಕಗಳನ್ನು ನೋಡಿ ಜಾಣೆಯರನ್ನು ಮುಂದಿನ ಬೆಂಚಿನಲ್ಲಿಯೂ ಮಂದಗತಿಯವರನ್ನು ಹಿಂದಿನ ಬೆಂಚಿನಲ್ಲಿಯೂ ಕುಳ್ಳಿರಿಸಿ, ಆ ಮೇಲೆ ಹಿಂದೆ ಬಿದ್ದರೆಂದು ಅವರನ್ನೇ ಗದರಿಸಿದೆವು. ಆ ಹಿಂದಿನ ಬೆಂಚಿನವರಲ್ಲಿ ಎಷ್ಟೋ ಮಂದಿ ಇಂದು ತಾಯಂದಿರಾಗಿ ಈ ಪುಟವನ್ನು ಓದುತ್ತಿರುವರು. ಅವರ ಹತ್ತಿರವೂ ಅದೇ ಕ್ಷಮೆಯನ್ನು ಬೇಡುತ್ತೇವೆ. ರಜೆ ಮುಗಿದು ಶಾಲೆ ತೆರೆದ ದಿನ ಬೆಂಚುಗಳ ಕ್ರಮವನ್ನು ಬದಲಿಸಿದೆವು.

ಹೆತ್ತವರಿಗೆ ಒಂದು ಮಾತು. ನಿಮ್ಮ ಮಕ್ಕಳನ್ನು ಇಂಥಾ ಬೆಟ್ಟಗಳಿಗೆ ಕರಕೊಂಡು ಹೋಗಿರಿ. ಅನುಮತಿಯನ್ನು ಮೊದಲೇ ಪಡೆಯಿರಿ. ಗಟ್ಟಿಯಾದ ಪಾದರಕ್ಷೆ, ಮಳೆಯಂಗಿ, ಕುಡಿಯುವ ನೀರು ಇರಲಿ. ಕಸವನ್ನು ಮರಳಿ ತನ್ನಿರಿ. ಎಲ್ಲಕ್ಕೂ ಮುಖ್ಯವಾಗಿ, ಮೆಲ್ಲನೆ ನಡೆಯುವ ಮಗುವನ್ನು ಮುಂದೆ ನಡೆಯಿಸಿರಿ.

ಈ ಸಂಚಿಕೆಯಲ್ಲಿ ಶಿಖರದ ಮೇಲಿನ ಭಾವಚಿತ್ರವಿಲ್ಲ. ಮುಳ್ಳೋಡಿಯ ಅಂಗಳದಲ್ಲಿ ಕೆಸರು ಕಾಲುಗಳಿಂದ ಕುಳಿತ ಇಪ್ಪತ್ತು ಹುಡುಗಿಯರ ಚಿತ್ರವನ್ನು ಅದರ ಬದಲಾಗಿ ಹಾಕಿದ್ದೇವೆ. ಎಣಿಸಿ ನೋಡಿರಿ, ಒಬ್ಬಳೂ ಕಡಿಮೆಯಿಲ್ಲ.