ಸವೆದ ಚಕ್ರ ಮತ್ತು ಪ್ರಮತ್ತಯೋಗ

ಆಷಾಢ ಮಾಸ ಬಂದಿತೆಂದರೆ ನಮ್ಮ ಪೂಜ್ಯ ಮುನಿಸಂಘಗಳು ವಿಹಾರವನ್ನು ನಿಲ್ಲಿಸಿ ಒಂದು ಸ್ಥಳದಲ್ಲಿ ವರ್ಷಾಯೋಗವನ್ನು ಸ್ವೀಕರಿಸುತ್ತವೆ. ಮಳೆಯಿಂದ ನೆನೆದ ನೆಲದಲ್ಲಿ ಹುಳು, ಹುಪ್ಪಟೆ, ಹಸುರು, ಪಾಚಿ ಎಲ್ಲವೂ ಹೆಚ್ಚುತ್ತವೆ. ಎಷ್ಟು ಎಚ್ಚರದಿಂದ ಕಾಲಿಟ್ಟರೂ ಜೀವಘಾತ ತಪ್ಪುವುದಿಲ್ಲವೆಂಬುದೇ ಅದಕ್ಕೆ ಕಾರಣ. ನಾಲ್ಕು ಮೊಳದಷ್ಟು ಮುಂದಿನ ನೆಲವನ್ನು ನೋಡಿಕೊಂಡು ಬರಿಗಾಲಿನಲ್ಲಿ ನಡೆಯುವ ಮುನಿಗಳೇ ಆ ಕಾಲದಲ್ಲಿ ನಿಲ್ಲುತ್ತಾರೆ. ಆದರೆ ಗೃಹಸ್ಥರಾದ ನಾವು ಅವರ ದರ್ಶನಕ್ಕಾಗಿ ಅದೇ ಮಳೆಯಲ್ಲಿ ನೂರು ಕಿಲೋಮೀಟರ್ ಕಾರಿನಲ್ಲಿ ಹೊರಡುತ್ತೇವೆ. ಇದರಲ್ಲಿ ತಪ್ಪಿದೆಯೆಂದು ನಾನು ಹೇಳುತ್ತಿಲ್ಲ. ಅಂಗಡಿ, ತೋಟ, ಆಸ್ಪತ್ರೆ, ಮದುವೆ, ಪೂಜೆ ಇವು ಮಳೆಗಾಲವೆಂದು ನಿಲ್ಲುವುದಿಲ್ಲ. ನಿಲ್ಲಲಾಗದ ಗೃಹಸ್ಥನಿಗೆ ಚಾತುರ್ಮಾಸ್ಯವು ಕಲಿಸುವ ಪಾಠವೇನು ಎಂಬುದಷ್ಟೇ ಇಲ್ಲಿನ ಪ್ರಶ್ನೆ. ಈರ್ಯಾಸಮಿತಿಯ ಉಪದೇಶವು ಬರಿಗಾಲಿಗೆ ಮಾತ್ರವೋ, ಚಕ್ರಕ್ಕೂ ಉಂಟೋ?

ನಮ್ಮ ನಾಡಿನ ರಸ್ತೆಗಳನ್ನು ಬಲ್ಲವರಿಗೆ ಈ ಪ್ರಶ್ನೆ ಬರಿಯ ತರ್ಕವಲ್ಲ. ನರಸಿಂಹರಾಜಪುರದ ಸಿಂಹನಗದ್ದೆಯಲ್ಲಿ ಶ್ರೀ ಜ್ವಾಲಾಮಾಲಿನೀ ದೇವಿಯ ಕ್ಷೇತ್ರವೂ ಮಠವೂ ಇವೆ. ಶೃಂಗೇರಿಯ ಪೇಟೆಯ ನಡುವೆ ಹನ್ನೆರಡನೆಯ ಶತಮಾನದ ಪಾರ್ಶ್ವನಾಥ ಬಸದಿಯಿದೆ. ಕೊಪ್ಪಕ್ಕೆ ಸಮೀಪದಲ್ಲಿ ಕುಂದಾದ್ರಿಯಿದೆ. ಇಲ್ಲಿಂದ ಕಾರ್ಕಳ, ಮೂಡುಬಿದಿರೆಗೆ ಹೋಗುವವರು ಆಗುಂಬೆಯ ಘಾಟಿಯನ್ನೋ, ಕೆರೆಕಟ್ಟೆಯ ಕಾಡಿನ ದಾರಿಯನ್ನೋ ಹಿಡಿಯಬೇಕು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುತ್ತದೆ. ಪೂರ್ವಕ್ಕೆ ಬಂದಂತೆ ಮಳೆ ಇಳಿಯುತ್ತ ನರಸಿಂಹರಾಜಪುರದಲ್ಲಿ ಬಹಳ ಕಡಿಮೆಯಾಗುತ್ತದೆ. ಆದ್ದರಿಂದ ನರಸಿಂಹರಾಜಪುರದ ಒಣಗಿದ ರಸ್ತೆಯಲ್ಲಿ ಹೊರಟ ಕಾರು ಎರಡು ಗಂಟೆಯೊಳಗೆ ಬೇರೊಂದು ಲೋಕದ ರಸ್ತೆಯಲ್ಲಿರುತ್ತದೆ. ಬಿಸಿಲು ಕಾಣದ ತಿರುವಿನಲ್ಲಿ ಡಾಂಬರಿನ ಮೇಲೆ ಪಾಚಿ, ಧರೆಯಿಂದ ಇಳಿದ ಕೆಮ್ಮಣ್ಣು, ಕೊಳೆತ ಎಲೆ. ಒಣನೆಲದಲ್ಲಿ ಸಾಕೆನಿಸಿದ ಚಕ್ರ ಅಲ್ಲಿ ಸಾಲುವುದಿಲ್ಲ.

ಹಿಂದಿನ ಚಕ್ರದಿಂದ ಓಡುವ ವಾಹನದ ಸ್ವಭಾವವನ್ನು ಸ್ವಲ್ಪ ತಿಳಿದಿರಬೇಕು. 1957ರಿಂದ 2014ರವರೆಗೆ ತಯಾರಾದ ಅಂಬಾಸಿಡರ್, ತೋಟಗಳ ಜೀಪು ಎಲ್ಲವೂ ಈ ಜಾತಿಯವು. ಅಂಬಾಸಿಡರ್ ಹೋದರೂ ಆ ಜಾತಿ ಹೋಗಿಲ್ಲ. ಇಂದು ನಮ್ಮ ಯಾತ್ರೆಗಳಿಗೆ ಬಳಕೆಯಾಗುವ ಬೊಲೆರೊ, ಓಮ್ನಿ, ಇನ್ನೋವಾ ಕ್ರಿಸ್ಟಾ, ಟೆಂಪೊ ಟ್ರಾವೆಲರ್ ಎಲ್ಲವನ್ನೂ ಹಿಂದಿನ ಚಕ್ರಗಳೇ ನೂಕುತ್ತವೆ. ಎಂಜಿನ್ನಿನ ಭಾರ ಮುಂದೆ, ನೂಕುವ ಶಕ್ತಿ ಹಿಂದೆ. ಜನ ತುಂಬಿದಾಗ ಹಿಂಭಾಗ ನೆಲವನ್ನು ಒತ್ತಿ ಹಿಡಿಯುತ್ತದೆ, ಖಾಲಿಯಾದಾಗ ಹಗುರವಾಗುತ್ತದೆ. ಹಿಂದೆ ಮಳೆಗಾಲದಲ್ಲಿ ಡಿಕ್ಕಿಯೊಳಗೆ ಒಂದೆರಡು ಮೂಟೆ ಗೊಬ್ಬರವನ್ನು ಇಟ್ಟುಕೊಂಡೇ ಓಡಾಡುತ್ತಿದ್ದ ಚಾಲಕರ ಜಾಣ್ಮೆಗೆ ಇದೇ ಕಾರಣ. ಮುಂದಿನ ಚಕ್ರ ಹಿಡಿತ ತಪ್ಪಿದರೆ ವಾಹನ ತಿರುಗದೆ ನೇರವಾಗಿ ಸಾಗುತ್ತದೆ. ಹಿಂದಿನದು ತಪ್ಪಿದರೆ ಬಾಲವೇ ಹೊರಕ್ಕೆ ಬೀಸಿ, ವಾಹನ ಬಂದ ದಾರಿಯತ್ತ ಮುಖ ಮಾಡಿ ನಿಲ್ಲುವುದೂ ಉಂಟು. ಇಳಿಜಾರಿನ ತಿರುವಿನಲ್ಲಿ ಒಮ್ಮೆಲೇ ಕೆಳಗಿನ ಗೇರಿಗೆ ಹಾಕಿದರೆ ಎಂಜಿನ್ ಹಿಂದಿನ ಚಕ್ರಗಳನ್ನು ಮಾತ್ರ ತಡೆದು ಹಿಡಿಯುತ್ತದೆ, ಹಿಡಿತ ಅಲ್ಲಿಯೇ ಕಳಚುತ್ತದೆ.

ಟೈರಿನ ಮೇಲಿನ ಗೀರುಗಳು ಅಂದಕ್ಕಾಗಿ ಇರುವುವಲ್ಲ. ರಬ್ಬರಿಗೂ ರಸ್ತೆಗೂ ನಡುವಿನ ನೀರು ಹರಿದುಹೋಗಲು ಅವು ಕಾಲುವೆಗಳು. ಕಾಲುವೆ ತುಂಬಿಹೋದ ಗದ್ದೆಯಲ್ಲಿ ನೀರು ನಿಲ್ಲುವಂತೆ, ಗೀರು ಸವೆದ ಟೈರಿನ ಕೆಳಗೆ ನೀರು ನಿಲ್ಲುತ್ತದೆ. ಚಕ್ರ ನೆಲವನ್ನು ಬಿಟ್ಟು ನೀರಿನ ಮೇಲೆ ಸಾಗುತ್ತದೆ. ಕಾರಿನ ಟೈರಿಗೆ 1.6 ಮಿಲಿಮೀಟರ್ ಆಳವಾದರೂ ಉಳಿದಿರಬೇಕೆಂದು ನಮ್ಮ ಮೋಟಾರು ವಾಹನ ನಿಯಮಗಳು ವಿಧಿಸಿವೆ. ಅದು ಕೊನೆಯ ಗಡಿ; ಮಲೆನಾಡಿನ ಜುಲೈ ತಿಂಗಳಿಗೆ ಅಷ್ಟೇ ಸಾಕೆಂದು ಭಾವಿಸುವುದು ವಿವೇಕವಲ್ಲ.

1996ರ ಜುಲೈಯಲ್ಲಿ ಕಾರ್ಕಳದಿಂದ ಕೆರೆಕಟ್ಟೆಯ ಮಾರ್ಗವಾಗಿ ನರಸಿಂಹರಾಜಪುರಕ್ಕೆ ಬಾಡಿಗೆಯ ಅಂಬಾಸಿಡರಿನಲ್ಲಿ ಹಿಂದಿರುಗುವಾಗ ನಡೆದುದನ್ನು ಇಲ್ಲಿ ಹೇಳಬೇಕು. ನಮ್ಮೊಡನೆ ದೊಡ್ಡಮ್ಮನವರಿದ್ದರು. ರಾತ್ರಿಭೋಜನತ್ಯಾಗದ ನಿಯಮ ಅವರದು. ಸೂರ್ಯಾಸ್ತಕ್ಕೆ ಎರಡು ಗಳಿಗೆ ಮುಂಚೆ ಊಟ ಮುಗಿಯಬೇಕು. ಶೃಂಗೇರಿಯನ್ನು ದಾಟಿದಾಗಲೇ ನಾಲ್ಕೂವರೆ ಗಂಟೆ. ಚಾಲಕನು ಒಳ್ಳೆಯ ಹುಡುಗ. ಹಿರಿಯರ ನಿಯಮ ತಪ್ಪಬಾರದೆಂದು ಅವನೇ ವೇಗ ಹೆಚ್ಚಿಸಿದ್ದ. ಹರಿಹರಪುರ ಇನ್ನೂ ದೂರವಿರುವಾಗ, ಬಲಕ್ಕೆ ತಿರುಗುವ ಒಂದು ಇಳಿಜಾರಿನಲ್ಲಿ, ಎಡಗಡೆ ಕಂಬಳಿಕೊಪ್ಪೆ ಹೊದ್ದು ತೋಟದ ಕೆಲಸದಿಂದ ಮರಳುತ್ತಿದ್ದ ಮೂವರು ಹೆಂಗಸರು ಕಾಣಿಸಿದರು. ಅವನು ಗೇರು ಇಳಿಸಿದ. ಹಿಂಭಾಗ ಎಡಕ್ಕೆ ಜಾರಿತು. ಶಬ್ದವೂ ಇಲ್ಲ, ಜಗ್ಗಿದ ಅನುಭವವೂ ಇಲ್ಲ. ಕಿಟಕಿಯಲ್ಲಿದ್ದ ಮರಗಳು ಮುಂದಿನ ಗಾಜಿಗೆ ಬಂದವು, ಅಷ್ಟೆ. ಹಿಂಚಕ್ರ ಚರಂಡಿಗೆ ಇಳಿದು ಕಾರು ನಿಂತಾಗ ಆ ಹೆಂಗಸರಿಗೂ ಅದಕ್ಕೂ ನಡುವೆ ಒಂದು ಮಾರು ದೂರವೂ ಇರಲಿಲ್ಲ. ಯಾರಿಗೂ ಏನೂ ಆಗಲಿಲ್ಲ. ಅವರೇ ಕೈಕೊಟ್ಟು ಕಾರನ್ನು ಮೇಲೆತ್ತಿದರು.

ಹುಡುಗ ನಡುಗುತ್ತಿದ್ದ. "ಟೈರು ಸವೆದಿದೆ ಅಂತ ಹೇಳಿದ್ದೆ ಅಮ್ಮಾ. ದೀಪಾವಳಿಗೆ ಹಾಕ್ಸೋಣ ಅಂದ್ರು" ಎಂದ. ದೊಡ್ಡಮ್ಮನವರು ಅವನ ಬೆನ್ನ ಮೇಲೆ ಕೈಯಿಟ್ಟು, "ತಮ್ಮಾ, ನನಗೆ ಈ ಹೊತ್ತು ಉಪವಾಸ. ಇನ್ನು ಗಳಿಗೆ ನೋಡಬೇಡ, ರಸ್ತೆ ನೋಡು" ಎಂದರು. ನಾವು ಮನೆ ಸೇರಿದಾಗ ದೀಪ ಹಚ್ಚಿದ್ದರು. ಅವರು ನೀರನ್ನೂ ಮುಟ್ಟದೆ ಜಪಕ್ಕೆ ಕುಳಿತರು.

ಆ ಮೂವರಲ್ಲಿ ಒಬ್ಬರಿಗೆ ಪೆಟ್ಟಾಗಿದ್ದರೆ ಹಿಂಸೆ ಯಾರದಾಗುತ್ತಿತ್ತು? ಕೊಲ್ಲುವ ಸಂಕಲ್ಪ ಯಾರಿಗೂ ಇರಲಿಲ್ಲ. ಗೃಹಸ್ಥನಿಗೆ ಸಂಕಲ್ಪೀ ಹಿಂಸೆ ಮಾತ್ರ ಸರ್ವಥಾ ತ್ಯಾಜ್ಯ. ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳು ಅನಿವಾರ್ಯ ಎಂಬ ವಿಭಾಗವನ್ನು ನಾವೆಲ್ಲ ಕೇಳಿದ್ದೇವೆ. ಆದರೆ ಅನಿವಾರ್ಯವೆಂದರೆ ತಪ್ಪಿಸಲಾಗದ್ದು; ತಪ್ಪಿಸಬಹುದಾಗಿದ್ದೂ ತಪ್ಪಿಸದೆ ಬಿಟ್ಟದ್ದಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮತ್ತಯೋಗವನ್ನೇ, ಎಂದರೆ ಪ್ರಮಾದದಿಂದ ಕೂಡಿದ ಪ್ರವೃತ್ತಿಯನ್ನೇ, ಪ್ರಾಣಘಾತದ ಹಿಂದಿನ ಕಾರಣವಾಗಿ ಇಡುತ್ತದೆ. ಕುಂದಾದ್ರಿಯು ಯಾರ ಹೆಸರನ್ನು ಹೊತ್ತಿದೆಯೋ ಆ ಕುಂದಕುಂದಾಚಾರ್ಯರು ಪ್ರವಚನಸಾರದಲ್ಲಿ ಇನ್ನೂ ಮುಂದಕ್ಕೆ ಹೋಗುತ್ತಾರೆ: ಅಯತ್ನಾಚಾರಿಗೆ, ಜೀವವು ಸತ್ತರೂ ಬದುಕಿದರೂ, ಹಿಂಸೆಯ ದೋಷವಿದೆಯೆಂಬುದು ಅವರ ಅಭಿಪ್ರಾಯ. ಹಾಗಾದರೆ ಆ ಸಂಜೆ ಯಾರಿಗೂ ಪೆಟ್ಟಾಗಲಿಲ್ಲವೆಂಬುದು ಆ ಹೆಂಗಸರ ಪುಣ್ಯ. ಟೈರಿನ ಲೆಕ್ಕ ಅದರಿಂದ ಚುಕ್ತಾ ಆಗಲಿಲ್ಲ.

ಕೃತ, ಕಾರಿತ, ಅನುಮೋದನ ಎಂಬ ಮೂರು ದ್ವಾರಗಳನ್ನು ಇಲ್ಲಿ ನೆನೆಯಬೇಕು. ಓಡಿಸಿದವನದು ಕೃತ. ಸವೆದ ಟೈರನ್ನು ತಿಳಿದೂ ಬಾಡಿಗೆಗೆ ಕಳುಹಿಸಿದ ಮಾಲೀಕನದು ಕಾರಿತ. ಕಾರು ಹಾರುವಂತೆ ಓಡಿದಾಗ ಮೆಚ್ಚಿಕೊಂಡು ಕುಳಿತುಕೊಳ್ಳುವ ಪ್ರಯಾಣಿಕನದು ಅನುಮೋದನ. ಚಕ್ರ ಜಾರುವುದು ತಿರುವಿನಲ್ಲಿ, ಒಂದು ಕ್ಷಣದಲ್ಲಿ. ಪ್ರಮಾದ ನಡೆದಿರುವುದು ತಿಂಗಳುಗಳ ಹಿಂದೆ, ಗದ್ದಿಗೆಯ ಮೇಲೆ ಕುಳಿತು "ಇನ್ನೊಂದು ಮಳೆಗಾಲ ಓಡುತ್ತದೆ" ಎಂದ ಹೊತ್ತಿನಲ್ಲಿ.

ವ್ಯಾಪಾರಿಗಳಾದ ನಮಗೆ ಸವಕಳಿ ಎಂಬ ಮಾತು ಚೆನ್ನಾಗಿ ಗೊತ್ತು. ವರ್ಷದ ಕೊನೆಯಲ್ಲಿ ವಾಹನದ ಬೆಲೆಯಿಂದ ಸವಕಳಿಯನ್ನು ಕಳೆಯುತ್ತೇವೆ. ಲಾಭ ಅಷ್ಟು ತಗ್ಗುತ್ತದೆ, ತೆರಿಗೆಯೂ ತಗ್ಗುತ್ತದೆ. ಕಾಗದದ ಸವಕಳಿಯನ್ನು ಒಂದು ರೂಪಾಯಿಯೂ ಬಿಡದೆ ಬರೆಯುವ ಕೈ, ರಬ್ಬರಿನ ಸವಕಳಿಯನ್ನು ಮುಟ್ಟಿ ನೋಡುವುದಿಲ್ಲ. ಮೊದಲನೆಯದರಿಂದ ಹಣ ಉಳಿಯುತ್ತದೆ, ಎರಡನೆಯದನ್ನು ಒಪ್ಪಿಕೊಂಡರೆ ಹಣ ಖರ್ಚಾಗುತ್ತದೆ ಎಂಬುದಲ್ಲದೆ ಬೇರೆ ಕಾರಣ ನನಗೆ ಕಾಣದು. ಹೀಗೆ ಉಳಿಸಿದ ಹಣವನ್ನು ನ್ಯಾಯಾರ್ಜಿತವೆನ್ನಬಹುದೆ? ಅನರ್ಥದಂಡದ ಐದು ಭೇದಗಳಲ್ಲಿ ಹಿಂಸಾದಾನ, ಪ್ರಮಾದಚರ್ಯೆ ಎರಡೂ ಇವೆ. ಅಪಾಯಕರವೆಂದು ತಿಳಿದ ವಾಹನವನ್ನು ಇನ್ನೊಬ್ಬರ ಕೈಗೆ ಕೊಡುವುದು ಅವುಗಳಿಂದ ಬಹಳ ದೂರವಿಲ್ಲ.

ಟೈರು ಸವೆಯದೆಯೂ ಅಯೋಗ್ಯವಾಗಬಹುದು. ನಮ್ಮ ಬಂಧುಗಳೊಬ್ಬರ ಮಗ ಜರ್ಮನಿಯಲ್ಲಿದ್ದಾನೆ. ಬೇಸಿಗೆಯಲ್ಲಿ ಹಿಂಚಕ್ರದ ಕಾರೊಂದನ್ನು ಕೊಂಡ, ಟೈರುಗಳು ಹೊಸವೇ. ಮೊದಲ ಹಿಮ ಬಿದ್ದ ಬೆಳಿಗ್ಗೆ ಮನೆಯ ಮುಂದಿನ ಸಣ್ಣ ಏರಿನಲ್ಲಿ ಚಕ್ರಗಳು ತಿರುಗಿದವೇ ಹೊರತು ಕಾರು ಏರಲಿಲ್ಲ, ಅಡ್ಡವಾಗಿ ಜಾರಿತು. ಅವನು ಅದನ್ನು ಅಲ್ಲಿಯೇ ಬಿಟ್ಟು ಟ್ರಾಮಿನಲ್ಲಿ ಕೆಲಸಕ್ಕೆ ಹೋದನಂತೆ. ಬೇಸಿಗೆಯ ಟೈರಿನ ರಬ್ಬರು ಸುಮಾರು 7 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಹಿಮ, ಮಂಜುಗಡ್ಡೆಯ ರಸ್ತೆಯಲ್ಲಿ ಚಳಿಗಾಲಕ್ಕೆ ತಕ್ಕ ಟೈರು ಇರಲೇಬೇಕೆಂದು ಆ ದೇಶ 2010ರಲ್ಲಿ ಸ್ಪಷ್ಟವಾದ ಕಾನೂನನ್ನು ಮಾಡಿತು. ನಮ್ಮ ತೋಟಗಳಲ್ಲಿಯೂ ಮಳೆಗಾಲ ಹಿಡಿಯುತ್ತಲೇ ಜೀಪಿನ ಚಕ್ರಕ್ಕೆ ಚೈನು ಕಟ್ಟುವ ರೂಢಿಯಿದೆ. ಎರಡರ ತತ್ತ್ವವೂ ಒಂದೇ. ವಸ್ತುವನ್ನು ದ್ರವ್ಯ, ಕ್ಷೇತ್ರ, ಕಾಲ, ಭಾವಗಳಿಂದ ನೋಡಬೇಕೆಂದು ನಮ್ಮ ಆಚಾರ್ಯರು ಹೇಳಿದ್ದಾರೆ. "ಈ ಟೈರು ಒಳ್ಳೆಯದು" ಎಂಬ ಮಾತೂ ಸ್ಯಾತ್ಕಾರವಿಲ್ಲದೆ ನಿಲ್ಲದು. ರಬ್ಬರು ದ್ರವ್ಯ, ಘಾಟಿ ಕ್ಷೇತ್ರ, ಆಷಾಢ ಕಾಲ, ಓಡಿಸುವವನ ಮನಸ್ಸಿನ ಅವಸರವೋ ಸಮಾಧಾನವೋ ಭಾವ. ಒಂದು ಬದಲಾದರೂ ತೀರ್ಮಾನ ಬದಲಾಗುತ್ತದೆ.

ಬಸದಿಗಳ ಟ್ರಸ್ಟಿನವರಲ್ಲಿ ಮತ್ತು ಕುಟುಂಬದ ಹಿರಿಯರಲ್ಲಿ ಕೆಲವು ವಿನಂತಿಗಳಿವೆ. ಟೈರಿನ ಬದಿಯಲ್ಲಿ ನಾಲ್ಕು ಅಂಕಿಗಳಿರುತ್ತವೆ. ಮೊದಲ ಎರಡು ವಾರವನ್ನು, ಕೊನೆಯ ಎರಡು ವರ್ಷವನ್ನು ತಿಳಿಸುತ್ತವೆ. ಟ್ರಸ್ಟಿನ ವಾಹನ ವರ್ಷವೆಲ್ಲ ನಿಂತಿದ್ದು ಉತ್ಸವಕ್ಕೆ ಮಾತ್ರ ಹೊರಡುವುದರಿಂದ ಗೀರು ಸವೆದಿರುವುದಿಲ್ಲ, ಆದರೆ ರಬ್ಬರು ಮುದಿಯಾಗಿ ಗಟ್ಟಿಯಾಗಿರುತ್ತದೆ. ಆದುದರಿಂದ ಆಳವನ್ನೂ ವಯಸ್ಸನ್ನೂ ಎರಡನ್ನೂ ನೋಡಬೇಕು. ಜೂನ್ ಬರುವ ಮುನ್ನವೇ ಟೈರಿನ ಖರ್ಚನ್ನು ಆಯವ್ಯಯದಲ್ಲಿ ಸೇರಿಸಿ, ಪೂಜಾಸಾಮಗ್ರಿಯಷ್ಟೇ ಮುಖ್ಯವೆಂದು ಭಾವಿಸಬೇಕು. ಬಾಡಿಗೆಯ ವಾಹನವಾದರೆ ದರ ಕೇಳುವ ಮುಂಚೆ ಟೈರನ್ನು ನೋಡಬೇಕು. ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ಸುಮಾರು ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದ ವಾಹನ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ ಎಂಬುದನ್ನು ಮಕ್ಕಳಿಗೂ ತಿಳಿಸಬೇಕು. ಹಿಂಭಾಗ ಜಾರಿದಾಗ ಬ್ರೇಕನ್ನು ಒತ್ತದೆ, ಆಕ್ಸಿಲರೇಟರಿನಿಂದ ಕಾಲನ್ನು ಮೆಲ್ಲಗೆ ತೆಗೆದು, ಬಾಲ ಹೋಗುತ್ತಿರುವ ಕಡೆಗೇ ಸ್ಟಿಯರಿಂಗನ್ನು ಹದವಾಗಿ ತಿರುಗಿಸಬೇಕು. ಆದರೆ ಇದು ಕೊನೆಯ ಉಪಾಯ. ಹಿಡಿತವಿದ್ದರೆ ಇದರ ಅಗತ್ಯವೇ ಬಾರದು.

ಎಲ್ಲಕ್ಕಿಂತ ಮೊದಲು, ಹೊರಡುವ ಮುನ್ನ ಹೊರಡಲೇಬೇಕೆ ಎಂದು ಕೇಳಿಕೊಳ್ಳಬೇಕು. ದಿಗ್ವ್ರತ, ದೇಶವ್ರತಗಳು ಗೃಹಸ್ಥನಿಗೆ ಹೇಳಿದ ಸಂಚಾರದ ಮಿತಿಗಳು. ನಾಲ್ಕು ತಿಂಗಳು ತಿರುಗಾಟವನ್ನು ಅರ್ಧಕ್ಕೆ ಇಳಿಸಿದರೂ ರಸ್ತೆಯ ಕಪ್ಪೆ, ಎರೆಹುಳು, ಏಡಿಗಳಿಗೆ ಅಷ್ಟು ಅಭಯ ಕೊಟ್ಟಂತಾಯಿತು. ನಿಯಮಕ್ಕೂ ಅವಸರಕ್ಕೂ ಜಗಳ ಬಂದ ದಿನ ಏನು ಮಾಡಬೇಕೆಂಬುದನ್ನು ಹಿರಿಯರು ಬಾಳಿ ತೋರಿಸಿದ್ದಾರೆ. ಊಟ ಬಿಟ್ಟರೆ ಒಂದು ರಾತ್ರಿಯ ಹಸಿವು. ಅನ್ಯರ ಪ್ರಾಣವನ್ನು ಪಣಕ್ಕಿಟ್ಟು ಉಳಿಸಿಕೊಂಡ ವ್ರತ ವ್ರತವಾಗಿ ಉಳಿಯುವುದಿಲ್ಲ.