ಐವತ್ತು ಹೆಸರಿನ ಪಟ್ಟಿ

ನಮ್ಮ ಓಣಿಯ ಹುಡುಗಿಯೊಬ್ಬಳು ರಾಯಚೂರಿನಲ್ಲಿ ಪತ್ರಿಕೋದ್ಯಮ ಓದುತ್ತಾಳೆ. ಮೊಹರಮ್ಮಿಗೆ ಊರಿಗೆ ಬಂದಾಗ ನನ್ನ ಟ್ರಂಕಿನಲ್ಲಿದ್ದ ಹಳೆಯ ಮಾಸಿಕವೊಂದನ್ನು ತಿರುವಿ ಹಾಕಿದಳು. ಕೊನೆಯ ಪುಟದ ಬುಡದಲ್ಲಿ ಸಣ್ಣಗೆ ಅಚ್ಚಾಗಿದ್ದ ರಿಜಿಸ್ಟರ್ ನಂಬರಿನ ಮೇಲೆ ಬೆರಳಿಟ್ಟು ಕೇಳಿದಳು: "ಕಾಕಾ, ಇಷ್ಟು ಮಂದಿ ಇದನ್ನ ತರಸ್ತಾರಂತ ಪೋಸ್ಟಿನವರಿಗೆ ಹೆಂಗ ಗೊತ್ತಾಗತಿತ್ತು? ಯಾರು ಎಣಸತಿದ್ರು?"

ಪೋಸ್ಟ್ ಮಾಸ್ತರು ಎಣಿಸುತ್ತಿದ್ದರು ಅಂದೆ. ಆ ಒಂದು ಮಾತು ಅವಳಿಗೆ ಸಾಲಲಿಲ್ಲ. ಅದಕ್ಕೇ ಇಷ್ಟು ಬರೆಯಬೇಕಾಗಿದೆ.

ಎಪ್ಪತ್ತರ ದಶಕದ ಕೊನೆಗೆ ನಾನು ಮುದಗಲ್ಲಿನ ಟಪಾಲು ಆಫೀಸಿನಲ್ಲಿ ಇ.ಡಿ. (ಎಕ್ಸ್‌ಟ್ರಾ ಡಿಪಾರ್ಟ್‌ಮೆಂಟಲ್) ಪ್ಯಾಕರ್. ಚೀಲ ಬಿಚ್ಚುವುದು, ಚೀಲ ಕಟ್ಟುವುದು, ಅರಗು ಕರಗಿಸಿ ಮುದ್ರೆ ಒತ್ತುವುದು, ಠಸ್ಸೆ ಹೊಡೆಯುವುದು. ಇಲಾಖೆಯ ಕೆಲಸ ಮಾಡಿಯೂ ಇಲಾಖೆಯವನು ಅನ್ನಿಸಿಕೊಳ್ಳದ ನೌಕರಿ, ಸಂಬಳವೂ ಅಷ್ಟಕ್ಕಷ್ಟೆ. ಹಾಗಾಗಿ ಸಂಜೆ ಊರಿನದೇ ಒಂದು ಮಾಸಿಕಕ್ಕೆ ರ್‍ಯಾಪರ್ ಅಂಟಿಸುವ ಕೆಲಸ ಹಿಡಿದಿದ್ದೆ. ಪತ್ರಿಕೆಯ ಹೆಸರು ಬೇಡ, ಅದನ್ನು ನಡೆಸಿದವರ ಮಕ್ಕಳು ಮೊಮ್ಮಕ್ಕಳು ಇದ್ದಾರೆ. ಯಜಮಾನರದು ಟ್ರೆಡಲ್ ಪ್ರೆಸ್ಸು. ಲಗ್ನಪತ್ರಿಕೆ, ಬಿಲ್ ಬುಕ್ಕು, ಜಾತ್ರೆಯ ಹ್ಯಾಂಡ್‌ಬಿಲ್ಲು ಹೊಟ್ಟೆಗೆ. ಮಾಸಿಕ ಮಾತ್ರ ಹುಚ್ಚಿಗೆ.

ಆ ಅಂಟಿನ ವಾಸನೆ ಈಗಲೂ ಮೂಗಿನಲ್ಲಿದೆ. ಮೈದಾ ಹಿಟ್ಟನ್ನು ನೀರಿನಲ್ಲಿ ಕಲಸಿ ಒಲೆಯ ಮೇಲೆ ತಿರುವುತ್ತ, ಹುಳ ಬೀಳಬಾರದೆಂದು ಚಿಟಿಕೆ ಮೈಲುತುತ್ತ ಹಾಕುತ್ತಿದ್ದೆವು. ಬಿಸಿ ಇರುವಾಗ ರೊಟ್ಟಿ ಹೊತ್ತಿದಂಥ ವಾಸನೆ, ಆರಿದ ಮೇಲೆ ಹುಳಿ, ಮರುದಿನಕ್ಕೆ ಮೂಗು ಮುಚ್ಚಬೇಕು. ಅದರ ಮೇಲೆ ಅಚ್ಚಿನ ಮಸಿ, ಮೊಳೆ ತೊಳೆದ ಸೀಮೆಎಣ್ಣೆ. ಬೆಳಿಗ್ಗೆ ಆಫೀಸಿಗೆ ಹೋದರೆ ಅಲ್ಲಿ ಅರಗಿನ ಹೊಗೆ, ಗೋಣಿಯ ಧೂಳು. ಮನೆಯಲ್ಲಿ ನನ್ನ ಅಂಗಿಯನ್ನು ಬೇರೆಯೇ ಒಗೆಯುತ್ತಿದ್ದರು.

ಆ ಕಾಲದವರಿಗೆಲ್ಲ ಗೊತ್ತಿದ್ದ ಸಂಗತಿಯನ್ನು ಹುಡುಗಿಗೋಸ್ಕರ ಹೇಳಬೇಕು. 1898ರ ಅಂಚೆ ಕಾಯಿದೆಯ 9ನೇ ಕಲಮು ಪತ್ರಿಕೆಗಳಿಗೆ ಒಂದು ದೊಡ್ಡ ಉಪಕಾರ ಮಾಡಿತ್ತು. ರಿಜಿಸ್ಟರ್ ಆದ ಪತ್ರಿಕೆ ಪೈಸೆಗಳ ಲೆಕ್ಕದಲ್ಲಿ ದೇಶದ ಯಾವ ಮೂಲೆಗಾದರೂ ಹೋಗುತ್ತಿತ್ತು. ಮುಂದೆ ಎಷ್ಟೋ ವರ್ಷ ಐವತ್ತು ಗ್ರಾಮಿನ ಒಂದು ಪ್ರತಿಗೆ 25 ಪೈಸೆ ಇತ್ತು. ನಷ್ಟ ಸರಕಾರದ್ದು. ಅದಕ್ಕೆ ಪ್ರತಿಯಾಗಿ ಷರತ್ತುಗಳು: ಸುದ್ದಿ, ಪ್ರಚಲಿತ ವಿಷಯ ಹೆಚ್ಚಿನ ಪಾಲು ಇರಬೇಕು, 31 ದಿನಕ್ಕಿಂತ ಹೆಚ್ಚು ಅಂತರ ಬೀಳದಂತೆ ಸಂಚಿಕೆ ಬರಬೇಕು, ಕಡಿಮೆಯೆಂದರೆ 50 ಮಂದಿ ನಿಜವಾದ ಚಂದಾದಾರರಿರಬೇಕು. ಗೊತ್ತು ಮಾಡಿದ ಆಫೀಸಿನಲ್ಲೇ, ಗೊತ್ತು ಮಾಡಿದ ತಾರೀಖಿಗೇ ಟಪಾಲಿಗೆ ಹಾಕಬೇಕು. ಅಡಿಗರ ‘ಸಾಕ್ಷಿ’ಯಂಥ ತ್ರೈಮಾಸಿಕಗಳು ಈ 31 ದಿನದ ಲೆಕ್ಕದಲ್ಲಿ ಪತ್ರಿಕೆಗಳೇ ಅಲ್ಲ! ಕನ್ನಡ ಸಾಹಿತ್ಯದ ದಿಕ್ಕು ತಿರುಗಿಸಿದ್ದು ಬುಕ್ ಪೋಸ್ಟಿನ ದರ ತೆರಬೇಕು, ಬಂಗಾರದ ಅಂಗಡಿಯ ಜಾಹೀರಾತು ತುಂಬಿದ ವಾರಪತ್ರಿಕೆ ಪೈಸೆಯಲ್ಲಿ ಹೋಗಬೇಕು. ಕಾಯಿದೆಗೆ ಸಾಹಿತ್ಯ ಗೊತ್ತಿರಲಿಲ್ಲ, ತಾರೀಖು ಗೊತ್ತಿತ್ತು.

ಇನ್ನೂ ಹಿಂದಕ್ಕೆ ಹೋದರೆ ನಮ್ಮ ಊರಿಗೆ ಅಂಚೆಯೇ ಬೇರೆ. ನಿಜಾಮರ ಸಂಸ್ಥಾನದ ಟಪಾಲಿಗೆ ಅವರದೇ ಉರ್ದು ಬರಹದ ಸ್ಟ್ಯಾಂಪು. ಅದು ಸಂಸ್ಥಾನದ ಗಡಿ ದಾಟಿದರೆ ಬರಿ ಕಾಗದ. ಧಾರವಾಡ ಪರದೇಶ. 1950ರ ಏಪ್ರಿಲ್ 1ಕ್ಕೆ ಆ ಅಂಚೆ ಭಾರತದ ಅಂಚೆಯಲ್ಲಿ ಕೂಡಿತು. ಮುಂದೆ ಹುಬ್ಬಳ್ಳಿಯ ‘ಕಸ್ತೂರಿ’ ಒಂದೇ ಠಸ್ಸೆಯ ಮೇಲೆ ಮುದಗಲ್ಲಿನ ಕೋಟೆಯೊಳಗೆ ಬರುವಂತಾದದ್ದು ಹಾಗೆ.

ಈಗ ಮಾಸ್ತರ ಮಾತು. ಅವರು ಈ ಊರಿನವರಲ್ಲ, ಆದರೆ ಈ ಊರಿನವರಿಗಿಂತ ಹೆಚ್ಚು ಈ ಊರನ್ನು ಬಲ್ಲವರು. ಯಾರ ಮಗ ಪುಣೆಯಿಂದ ಎಷ್ಟು ಮನಿ ಆರ್ಡರ್ ಕಳಿಸುತ್ತಾನೆ, ಯಾವಾಗಿನಿಂದ ಕಳಿಸುವುದು ಬಿಟ್ಟ, ಯಾರ ಮನೆಗೆ ಕೋರ್ಟಿನ ನೋಟೀಸು ಬರುವುದಿದೆ, ಎಲ್ಲ ಅವರ ತಲೆಯಲ್ಲಿ. ವಿಳಾಸದಲ್ಲಿ 584125 ಎಂಬ ಪಿನ್ ಇಲ್ಲದ ಕಾಗದ ಕಂಡರೆ ಬೈದುಕೊಂಡು ತಾವೇ ಬರೆಯುತ್ತಿದ್ದರು.

ಯಜಮಾನರು ಪತ್ರಿಕೆಯನ್ನು ರಿಜಿಸ್ಟರ್ ಮಾಡಿಸಲು ಹೊರಟರು. ದಿಲ್ಲಿಯ ಪತ್ರಿಕೆಗಳ ರಿಜಿಸ್ಟ್ರಾರ್ ಆಫೀಸಿನ ನಂಬರು ಬಂದಿತ್ತು, ಅಂಚೆಯ ನಂಬರು ಆಗಬೇಕಿತ್ತು. ಚಂದಾದಾರರ ಪಟ್ಟಿ ತಪಾಸಣೆಗೆಂದು ಮಾಸ್ತರ ಮೇಜಿಗೆ ಬಂತು. ಒಂದು ಮಧ್ಯಾಹ್ನ ಚೀಲ ಕಟ್ಟಿ ಆದ ಮೇಲೆ ಅವರು ಅದನ್ನು ಹರವಿಕೊಂಡು ಕೂತರು. ಕೈಯಲ್ಲಿ ಒಂದು ತುದಿ ಕೆಂಪು, ಇನ್ನೊಂದು ತುದಿ ನೀಲಿ ಇರುವ ಪೆನ್ಸಿಲ್ಲು. ಯಜಮಾನರು ಎದುರಿಗೆ ಸ್ಟೂಲಿನ ಮೇಲೆ.

"ಇವರು ಯಾರ್ರೀ?"

"ಕಿಲ್ಲಾದಾಗಿನವರು."

"ಕಿಲ್ಲಾದಾಗಿನವರು ಖರೆ. ಹ್ವಾದ ಸುಗ್ಯಾಗ ತೀರಿಕೊಂಡ್ರಲ್ಲ. ಅವರ ಮಗನ ಮನಿ ಆರ್ಡರ್ ನಾನೇ ವಾಪಸ್ ಕಳಿಸೀನಿ."

ಕೆಂಪು ಗೀಟು.

"ಇವರು?"

"ಹೈಸ್ಕೂಲ್ ಮಾಸ್ತರು, ರಿಟೈರ್ ಆದವರು. ಅಕ್ಷರ ಬಿಡದಂಗ ಓದತಾರ್ರಿ, ತಪ್ಪು ಹುಡುಕಿ ಕಾಗದ ಬರೀತಾರ."

"ರೊಕ್ಕ ಕೊಟ್ಟಾರೇನು? ಎಂ.ಓ. ಕೂಪನ್ ತೋರಸ್ರಿ, ಇಲ್ಲ ಪಾವತಿ ತೋರಸ್ರಿ."

ಯಜಮಾನರು ಸುಮ್ಮನಾದರು. ಮನಿ ಆರ್ಡರ್ ಫಾರ್ಮಿನ ಬುಡದ ತುಂಡಿನಲ್ಲಿ ‘ಒಂದು ವರ್ಷದ ಚಂದಾ ಕಳಿಸಿದ್ದೇನೆ’ ಎಂದು ಬರೆದಿರುತ್ತಿತ್ತಲ್ಲ, ಅಂಥ ಕೂಪನ್ನುಗಳನ್ನು ತಂತಿಗೆ ಚುಚ್ಚಿ ತಂದಿದ್ದರು. ಅದರಲ್ಲಿ ಹೈಸ್ಕೂಲ್ ಮಾಸ್ತರದು ಇರಲಿಲ್ಲ.

"ಓದೂದು ಬ್ಯಾರೆ, ತರಸೂದು ಬ್ಯಾರೆ." ಕೆಂಪು ಗೀಟು.

ಹಿಟ್ಟಿನ ಗಿರಣಿಯ ಮುದುಕನ ಹೆಸರು ಬಂದಾಗ ಪೆನ್ಸಿಲ್ಲು ನಿಂತಿತು. "ಇವ ಹೆಬ್ಬೆಟ್ಟಿನವ. ಇವ ಹೆಂಗ ಚಂದಾದಾರ?" ರೊಕ್ಕ ಕೊಟ್ಟಾನ್ರಿ, ಹನ್ನೆರಡು ರೂಪಾಯಿ, ರೋಖು ಅಂದರು ಯಜಮಾನರು. ಮಾಸ್ತರು ನನ್ನನ್ನು ಓಡಿಸಿದರು. ಮುದುಕ ಹುಬ್ಬಿನ ಮೇಲಿನ ಜೋಳದ ಹಿಟ್ಟನ್ನೂ ಒರೆಸಿಕೊಳ್ಳದೆ ಬಂದು ನಿಂತ. ಟಪಾಲು ಆಫೀಸಿನಿಂದ ಕರೆ ಬಂದರೆ ಆಗ ಯಾರಿಗಾದರೂ ಎದೆ ಧಸಕ್ಕೆನ್ನುತ್ತಿತ್ತು.

"ಹಿಂದಿನ ತಿಂಗಳ ಪುಸ್ತಕದಾಗ ಏನ್ ಬಂದಿತ್ತಪಾ?"

"ನಾಕನೇ ಪುಟದಾಗ ಶೇಂಗಾದ್ದು ಬಂದಿತ್ರಿ. ಅದು ಸುಳ್ಳೈತ್ರಿ. ಅದರಾಗ ಹೇಳಿದಂಗ ಬಿತ್ತಿದ್ರ ನಮ್ಮ ಮಸಾರಿ ಹೊಲದಾಗ ಒಂದು ಬೀಜ ಹುಟ್ಟಂಗಿಲ್ಲ. ಬರದವ್ರಿಗೆ ಹೇಳ್ರಿ."

"ನಿನಗ ಯಾರು ಓದಿ ಹೇಳಿದ್ರು?"

"ಮೊಮ್ಮಗ ಓದತಾನ್ರಿ. ನಾ ಕೇಳತೀನಿ. ರೊಕ್ಕ ನಂದು."

ನೀಲಿ ಗೀಟು. ಕಾಯಿದೆ ಬರೆದ ಯಾವ ದೊರೆಗೂ ಹೊಳೆಯದಂಥ ತಪಾಸಣೆ ಅದು.

ಪಟ್ಟಿ ಐವತ್ತಕ್ಕೆ ಮುಟ್ಟಲಿಲ್ಲ. ಯಜಮಾನರು ಕಡೆಗೆ ಚೌಕಾಸಿಗೆ ಇಳಿದರು: ಮಾಸ್ತರೇ ಒಬ್ಬ ಚಂದಾದಾರರಾಗಲಿ, ಹೆಸರಿಗೆ. "ನಾ ಸಾಕ್ಷಿ ಹೇಳಾವ. ಸಾಕ್ಷಿ ಹೇಳಾವ ಪಾಲುದಾರ ಆಗಬಾರದು" ಅಂದರು ಮಾಸ್ತರು. (ಪತ್ರಿಕೆಯನ್ನು ಮಾತ್ರ ಎಲ್ಲರಿಗಿಂತ ಮೊದಲು, ಪುಕ್ಕಟೆ ಓದುತ್ತಿದ್ದವರು ಅವರೇ. ಯಾವ ಟಪಾಲು ಆಫೀಸಿನಲ್ಲಿ ಹಾಗಿರಲಿಲ್ಲ? ‘ಚಂದಮಾಮ’ ಮಕ್ಕಳ ಕೈ ಸೇರುವ ಮೊದಲು ಬೇತಾಳ ನಮ್ಮೆಲ್ಲರ ಹೆಗಲೇರಿ ಇಳಿದಿರುತ್ತಿತ್ತು. 1980ರ ನಂತರ ‘ಲಂಕೇಶ್ ಪತ್ರಿಕೆ’ಯ ಗತಿಯೂ ಅದೇ.) ಕೊನೆಗೆ ದಾರಿ ತೋರಿಸಿದವರೂ ಅವರೇ: ಮೊಹರಂ ತಡೀರಿ ಅಂದರು. ಮೊಹರಮ್ಮಿಗೆ ಮುಂಬೈ, ಪುಣೆ, ಗೋವೆಗೆ ದುಡಿಯಲು ಹೋದವರೆಲ್ಲ ಮುದಗಲ್ಲಿಗೆ ತಿರುಗಿ ಬರುತ್ತಾರೆ. ಹಿಂದೂ ಮುಸ್ಲಿಂ ಎನ್ನದೆ ಎಲ್ಲರ ಕಿಸೆಯಲ್ಲೂ ರೊಕ್ಕ ಇರುತ್ತದೆ, ಊರಿನ ಮೇಲೆ ಮನಸ್ಸಿರುತ್ತದೆ. ಯಜಮಾನರು ಅಲಾಯಿ ಕುಣಿತದ ಗದ್ದಲದಲ್ಲಿ ಪಾವತಿ ಪುಸ್ತಕ ಹಿಡಿದು ತಿರುಗಿದರು. ಐವತ್ತು ದಾಟಿತು. ಸಹಿ ಬಿತ್ತು.

ಹಾಗಂತ ಅದೊಂದು ಸತ್ಯಯುಗ ಎಂದು ಬರೆದರೆ ನನ್ನ ಕೈ ನಡುಗಬೇಕು. ಅದೇ ಮಾಸ್ತರು ಹೆಣ್ಣುಮಕ್ಕಳ ಹೆಸರಿಗೆ ಚಂದಾ ಬಂದರೆ ಮುಖ ಗಂಟಿಕ್ಕುತ್ತಿದ್ದರು. "ಗಂಡನ ಹೆಸರಿಗೆ ಮಾಡಸ್ರಿ, ಓಣ್ಯಾಗ ಮಾತಾಗತದ" ಅನ್ನುತ್ತಿದ್ದರು. ಓದುವವಳು ಹೆಂಡತಿ, ಪಟ್ಟಿಯಲ್ಲಿ ಗಂಡ. ಅದು ಸುಳ್ಳು ದಾಖಲೆಯಲ್ಲವೇ? ಆ ಸುಳ್ಳಿಗೆ ನೀಲಿ ಗೀಟು ಸಿಗುತ್ತಿತ್ತು. ಪಟ್ಟಿಯಲ್ಲಿ ಕೇರಿಯ ಹೆಸರುಗಳೂ ಕಡಿಮೆ. ಎಷ್ಟೋ ಹಳ್ಳಿಗಳಲ್ಲಿ ಕೇರಿಯವರ ಟಪಾಲು ಅಗಸಿಯ ಹತ್ತಿರದ ಅಂಗಡಿಯಲ್ಲೇ ಉಳಿಯುತ್ತಿದ್ದ ಕಾಲ ಅದು. ಮೇಲಾಗಿ, ಇಂಥ ಊರ ಬಲ್ಲವರ ಕಣ್ಣಿನಿಂದ ಏನನ್ನೂ ಬಚ್ಚಿಡುವಂತಿರಲಿಲ್ಲ. ಯಾರು ಯಾವ ಪತ್ರಿಕೆ ತರಿಸುತ್ತಾರೆ ಎನ್ನುವುದು ಊರಿಗೆಲ್ಲ ಗೊತ್ತು. ತುರ್ತು ಪರಿಸ್ಥಿತಿಯ ದಿನಗಳನ್ನು ಕಂಡವರಿಗೆ ಅದರ ಅಂಜಿಕೆ ಏನೆಂದು ಹೇಳಬೇಕಿಲ್ಲ.

ದೊಡ್ಡ ಊರುಗಳ ಕಥೆ ಬೇರೆ. ನ್ಯೂಸ್‌ಪ್ರಿಂಟಿಗೆ ಕೋಟಾ ಇದ್ದ ಕಾಲದಲ್ಲಿ ಪ್ರಸಾರ ಹೆಚ್ಚಿದೆ ಅಂದಷ್ಟೂ ಕಾಗದ ಹೆಚ್ಚು ಸಿಗುತ್ತಿತ್ತು. ಸಾವಿರ ಪ್ರತಿ ಅಚ್ಚು ಹಾಕಿ ಹತ್ತು ಸಾವಿರಕ್ಕೆ ಲೆಕ್ಕ ಕೊಟ್ಟು, ಉಳಿದ ರೀಲುಗಳನ್ನು ಕಾಳಸಂತೆಗೆ ದಾಟಿಸಿದವರ ಕಥೆಗಳು ಪ್ರೆಸ್ಸಿನ ಜನರ ಬಾಯಲ್ಲಿ ಬೇಕಾದಷ್ಟಿದ್ದವು. ಅಮೆರಿಕದಲ್ಲೂ 1879ರ ಕಾನೂನು ಅಗ್ಗದ ಅಂಚೆಗೆ ನಮ್ಮ ಹಾಗೆಯೇ ನಿಜವಾದ ಚಂದಾದಾರರ ಪಟ್ಟಿ ಕೇಳಿತ್ತಂತೆ. ಆದರೆ ಅಲ್ಲಿನ ಪತ್ರಿಕೆ ವರ್ಷಕ್ಕೊಮ್ಮೆ ತನ್ನ ಪುಟದಲ್ಲೇ ಎಷ್ಟು ಅಚ್ಚಾಯಿತು, ಎಷ್ಟು ಮಂದಿ ದುಡ್ಡು ಕೊಟ್ಟರು, ಎಷ್ಟು ಪುಕ್ಕಟೆ ಹೋಯಿತು ಎಂದು ಓದುಗರ ಮುಂದಿಡಬೇಕು. ನಮ್ಮಲ್ಲಿ ಫೆಬ್ರುವರಿ ಮುಗಿದ ಮೇಲಿನ ಮೊದಲ ಸಂಚಿಕೆಯಲ್ಲಿ ‘ನಮೂನೆ 4’ ಅಂತ ಒಂದು ಚೌಕ ಬರುತ್ತದೆ. ಮಾಲೀಕರ ಹೆಸರು, ಮುದ್ರಕರ ಹೆಸರು, ಸಂಪಾದಕರ ಹೆಸರು, ಅವರು ಭಾರತೀಯರು ಹೌದೇ ಎನ್ನುವುದು, ಎಲ್ಲ ಇರುತ್ತದೆ. ಎಷ್ಟು ಪ್ರತಿ ಎನ್ನುವುದೊಂದೇ ಇಲ್ಲ. ಪ್ರಸಾರದ ಲೆಕ್ಕ ಸರಕಾರಕ್ಕೆ ಹೋಗುತ್ತದೆ, ದುಡ್ಡು ಕೊಟ್ಟ ಓದುಗನಿಗಲ್ಲ.

ಮಾಸ್ತರು ನನಗೆ ಕಲಿಸಿದ್ದು ವಾಪಸ್ ಬಂದ ಪ್ರತಿಗಳನ್ನು ಓದುವುದನ್ನು. ‘ತೆಗೆದುಕೊಳ್ಳಲಿಲ್ಲ’, ‘ಊರು ಬಿಟ್ಟಿದ್ದಾರೆ’, ‘ವಿಳಾಸ ಪೂರ್ತಿ ಇಲ್ಲ’ ಎಂದು ಪೋಸ್ಟ್‌ಮನ್ ರ್‍ಯಾಪರಿನ ಮೇಲೆ ಗೀಚಿದ ಷರಾ. ಪ್ರಸಾರದ ಖರೆ ಲೆಕ್ಕ ಹೋದ ಕಟ್ಟಿನಲ್ಲಿಲ್ಲ, ವಾಪಸ್ ಬಂದ ಕಟ್ಟಿನಲ್ಲಿದೆ ಅನ್ನುತ್ತಿದ್ದರು. ಒಂದೇ ಊರಿನಿಂದ ಒಂದೇ ಷರಾ ಬರೆಸಿಕೊಂಡು ಕಟ್ಟುಗಟ್ಟಲೆ ತಿರುಗಿ ಬಂದರೆ ಪಟ್ಟಿಯನ್ನು ಮತದಾರರ ಯಾದಿಯಿಂದ ಇಳಿಸಿಕೊಂಡಿದ್ದಾರೆ ಎಂದೇ ಅರ್ಥ.

ಈಗ ಒಂದೊಂದೇ ಕಳಚುತ್ತಿದೆ. ಹಳೆಯ ಮನಿ ಆರ್ಡರ್ ಫಾರ್ಮು 2015ರಲ್ಲಿ ಹೋಯಿತು, ಅದರೊಂದಿಗೆ ಕೂಪನ್ನಿನ ನಾಲ್ಕು ಸಾಲಿನ ಕಾಗದವೂ. 2024ರ ಡಿಸೆಂಬರಿನಲ್ಲಿ ಬುಕ್ ಪೋಸ್ಟನ್ನು ಕೈಬಿಟ್ಟರು. ಸಣ್ಣ ಪ್ರಕಾಶಕರು ಗೋಳಾಡಿದರು. 2025ರಲ್ಲಿ ರಿಜಿಸ್ಟರ್ ಪೋಸ್ಟು ಸ್ಪೀಡ್ ಪೋಸ್ಟಿನಲ್ಲಿ ಕರಗಿತು. 1898ರ ಕಾಯಿದೆಯೇ ಹೋಗಿ 2024ರ ಜೂನ್ 18ರಿಂದ ಹೊಸ ಅಂಚೆ ಕಾಯಿದೆ ಜಾರಿಗೆ ಬಂದಿದೆ. ಕುತೂಹಲಕ್ಕೆ ಹುಡುಗಿಯ ಫೋನಿನಲ್ಲಿ ಅದರ 9ನೇ ಕಲಮು ತೆಗೆಸಿ ನೋಡಿದೆ. ಪತ್ರಿಕೆಗಳಿಗೆ ರಿಯಾಯಿತಿ ಇದ್ದ ನಂಬರಿನಲ್ಲಿ ಈಗ ಟಪಾಲನ್ನು ತಡೆದು, ಒಡೆದು ನೋಡುವ ಅಧಿಕಾರ ಕೂತಿದೆ. ಆ ಅಧಿಕಾರ ಹಳೆಯದರಲ್ಲೂ ಇತ್ತು, 26ನೇ ಕಲಮಿನಲ್ಲಿ, ಹಿಂದಿನ ಸಾಲಿನಲ್ಲಿ. ಈಗ ಮುಂದಿನ ಸಾಲಿಗೆ ಬಂದಿದೆ.

ನಮ್ಮ ಮಾಸಿಕದ ಗತಿ ಹೇಳಿ ಮುಗಿಸುತ್ತೇನೆ. ಮಾಸ್ತರಿಗೆ ವರ್ಗವಾಯಿತು. ಆಮೇಲೆ ಯಜಮಾನರಿಗೆ ಸರಕಾರಿ ಜಾಹೀರಾತಿನ ಆಸೆ ಹುಟ್ಟಿತು. ಪಟ್ಟಿ ಟೈಪ್ ಆಗಿ ಬಂತು, ವರ್ಷ ವರ್ಷಕ್ಕೆ ಉದ್ದವಾಯಿತು, ಸಾವಿರ ದಾಟಿತು. ನಾನು ಸಂಜೆ ಅಂಟು ಹಚ್ಚುತ್ತಿದ್ದ ರ್‍ಯಾಪರುಗಳು ಮಾತ್ರ ವರ್ಷ ವರ್ಷಕ್ಕೆ ಕಡಿಮೆಯಾದವು. ಒಂದು ತಿಂಗಳು ತಾರೀಖು ತಪ್ಪಿತು, ಮರು ತಿಂಗಳು ಸಂಚಿಕೆಯೇ ಬರಲಿಲ್ಲ. ಪತ್ರಿಕೆ ನಿಂತದ್ದಕ್ಕೆ ಸಾವಿರ ಚಂದಾದಾರರಲ್ಲಿ ಯಾರೂ ಒಂದು ಕಾರ್ಡು ಬರೆಯಲಿಲ್ಲ.

ಗಿರಣಿಯ ಮುದುಕನೊಬ್ಬನೇ ಪ್ರೆಸ್ಸಿನ ಬಾಗಿಲಿಗೆ ಬಂದ. "ನಾಕು ತಿಂಗಳದ್ದು ಬಾಕಿ ಐತ್ರಿ" ಅಂದ. ಯಜಮಾನರು ಹಳೆಯ ಸಂಚಿಕೆಗಳ ಕಟ್ಟು ತೋರಿಸಿ, ಬೇಕಾದ ನಾಲ್ಕು ಒಯ್ಯಿ ಅಂದರು. "ಕೇಳಿದ್ದನ್ನ ಮತ್ತ ಕೇಳಲೇನ್ರಿ?" ಅಂದ ಮುದುಕ. ಎರಡಕ್ಕೆ ಮುಗಿಸು ಅಂದರು ಯಜಮಾನರು. ಅವನು ಕಟ್ಟೆಯ ಮೇಲೆ ಕೂತ, ಏಳಲಿಲ್ಲ. ನಾಲ್ಕು ರೂಪಾಯಿ ಎಣಿಸಿ ತೆಗೆದುಕೊಂಡ ಮೇಲೆಯೇ ಪಾವತಿಯ ಹಿಂದೆ ಹೆಬ್ಬೆಟ್ಟು ಒತ್ತಿದ.