ಮಂಜಿನಲ್ಲಿ ನಿಂತ ಆಂಬುಲೆನ್ಸ್

ಅಪ್ಪನ ಬಲಗೈ ಈಗಲೂ ಕಾಫಿ ಲೋಟ ಹಿಡಿಯುವುದಿಲ್ಲ. 6 ವರ್ಷದ ಹಿಂದೆ, ಆಷಾಢದ ಒಂದು ರಾತ್ರಿ ಊಟಕ್ಕೆ ಕೂತವರ ಬಾಯಿ ಸೊಟ್ಟಗಾಗಿ ಕೈ ಜೋತುಬಿತ್ತು. ನಮ್ಮದು ಮೂಡಿಗೆರೆ ಕಡೆಯ ಹಳ್ಳಿ. ಮಂಗಳೂರು ಸೇರಲು ಚಾರ್ಮಾಡಿ ಘಾಟಿ ಇಳಿಯಬೇಕು. ಪಾರ್ಶ್ವವಾಯುವಿಗೆ ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಘಾಟಿಯ ನಡುವೆ ಮಂಜು ಕವಿದು ಡ್ರೈವರ್ ಆಂಬುಲೆನ್ಸ್ ನಿಲ್ಲಿಸಿಬಿಟ್ಟರು.

"ಯಾಕಣ್ಣಾ ನಿಲ್ಸಿದ್ರಿ? ಹೋಗಿ!" ಎಂದು ಕೂಗಾಡಿದೆ.

"ರಸ್ತೆ ಕಾಣ್ತಾ ಇಲ್ಲ ಮಾರಾಯ. ಕಾಣದೆ ನಾನು ಹೋಗೋದಿಲ್ಲ."

40 ನಿಮಿಷ ಹಾಗೇ ನಿಂತೆವು. ಆಸ್ಪತ್ರೆ ಮುಟ್ಟುವಾಗ ಹೊತ್ತು ಮೀರಿತ್ತು.

ಒಂದು ಹೆಲಿಕಾಪ್ಟರ್ ಇದ್ದಿದ್ದರೆ ಎಂಬ ಆ ರಾತ್ರಿಯ ಸಿಟ್ಟೇ ನನ್ನನ್ನು ಬೆಂಗಳೂರಿಗೆ, ಏರ್ ಆಂಬುಲೆನ್ಸ್‌ಗಳ ದಾರಿ ಹುಡುಕುವ ತಂತ್ರಜ್ಞಾನದ ಸಂಶೋಧನೆಗೆ ತಂದಿತು.

ಮೊದಲು ಓದಿದ್ದು ನೈಟ್ ವಿಷನ್ ಕನ್ನಡಕದ ಬಗ್ಗೆ. ನಕ್ಷತ್ರದ ಮಂದ ಬೆಳಕನ್ನೂ ಅದು ಎಲೆಕ್ಟ್ರಾನುಗಳಾಗಿಸಿ, ಸಾವಿರಾರು ಪಟ್ಟು ಹೆಚ್ಚಿಸಿ, ಹಸಿರು ಚಿತ್ರವಾಗಿ ತೋರಿಸುತ್ತದೆ. ಸ್ವಿಟ್ಜರ್‌ಲೆಂಡಿನ ರೇಗಾ ಸಂಸ್ಥೆ 1987ರಿಂದಲೂ ಅದನ್ನು ಬಳಸುತ್ತಿದೆ. ಆದರೆ ಕಾಣುವುದು ಸುಮಾರು 40 ಡಿಗ್ರಿಯಷ್ಟೇ. ತೆಳ್ಳನೆಯ ಕರೆಂಟು ತಂತಿ ಕಾಣದು, ಪೈಲಟ್ ಕಂಬ ಹುಡುಕಿ ತಂತಿಯನ್ನು ಊಹಿಸಬೇಕು. ದಟ್ಟ ಮಂಜಿನಲ್ಲಂತೂ ಅದೂ ಕುರುಡು.

ಮಂಜಿಗೆ ಉಪಗ್ರಹದ ದಾರಿ ಬೇಕು. 2011ರಲ್ಲಿ ಬರ್ನ್ ನಗರದ ಇನ್ಸೆಲ್‌ಸ್ಪಿಟಾಲ್ ಆಸ್ಪತ್ರೆಗೆ ರೇಗಾ ಅಂಥ ದಾರಿ ಮಾಡಿಕೊಂಡಿತು. ಆ ದಾರಿ ಹೆಲಿಕಾಪ್ಟರನ್ನು ಬಾನಿನ ಒಂದು ಬಿಂದುವಿನವರೆಗೆ ಕರೆತರುತ್ತದೆ. ಅಲ್ಲಿಂದ ಮುಂದಿನದು ಕಣ್ಣಿಗೆ ಕಾಣಬೇಕು. ಕಾಣದಿದ್ದರೆ ಪೈಲಟ್ ಮೇಲೇರಿ ವಾಪಸ್ ಹೋಗಬೇಕು.

ನಮ್ಮಲ್ಲೂ 2023ರ ಜೂನ್‌ನಲ್ಲಿ ಜುಹುವಿನಿಂದ ಪುಣೆಗೆ 'ಗಗನ್' ನೆರವಿನಿಂದ ಹೆಲಿಕಾಪ್ಟರ್ ಹಾರಿಸಿ ತೋರಿಸಲಾಯಿತು. ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಕಟ್ಟಿದ ಈ ವ್ಯವಸ್ಥೆ ಜಿಪಿಎಸ್ಸಿನ ತಪ್ಪುಗಳನ್ನು ತಿದ್ದುತ್ತದೆ. ಇನ್ನೊಂದು ಕೆಲಸವನ್ನೂ ಮಾಡುತ್ತದೆ: ಸಂಕೇತ ಕೆಟ್ಟರೆ, "ಈಗ ನನ್ನನ್ನು ನಂಬಬೇಡ" ಎಂದು ಕೆಲವೇ ಸೆಕೆಂಡುಗಳಲ್ಲಿ ಪೈಲಟ್‌ಗೆ ಎಚ್ಚರಿಕೆ ಕೊಡುತ್ತದೆ. ನನ್ನ ಪ್ರಬಂಧ ಈ ಎಚ್ಚರಿಕೆಯ ಕುರಿತೇ.

ಅಮೆರಿಕದ ಅನೇಕ ಏರ್ ಆಂಬುಲೆನ್ಸ್‌ಗಳಲ್ಲಿ ಹೊರಡುವ ಮುನ್ನ ರೋಗಿ ಯಾರು, ಸ್ಥಿತಿ ಎಷ್ಟು ಗಂಭೀರ ಎಂದು ಪೈಲಟ್‌ಗೆ ಹೇಳುವುದಿಲ್ಲ. ಹವಾಮಾನ ನೋಡಿಯಷ್ಟೇ ಆತ ಹೂಂ ಅಥವಾ ಊಹೂಂ ಅನ್ನಬೇಕು. ಕರುಣೆ ಕೂಡ ಲೆಕ್ಕ ತಪ್ಪಿಸುತ್ತದೆ. ಇದನ್ನು ಓದಿದ ದಿನ ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕೂತೆ.

ನಮ್ಮ ಡ್ರೈವರ್‌ಗೆ ಎಲ್ಲ ಗೊತ್ತಿತ್ತು. ಅಪ್ಪನ ನರಳಾಟ, ಅಮ್ಮನ ಅಳು, ನನ್ನ ಬೈಗುಳ ಎಲ್ಲ ಬೆನ್ನ ಹಿಂದೆಯೇ ಕೇಳುತ್ತಿತ್ತು. ಆದರೂ ನಿಲ್ಲಿಸಿದರು. ಅಪ್ಪನ ಕೈ ಹೋಯಿತು, ನಾವು ನಾಲ್ವರೂ ಉಳಿದೆವು. ಮೊದಲನೆಯ ನೋವು ಎರಡನೆಯದರಿಂದ ಕಡಿಮೆಯಾಗಿಲ್ಲ.

ಪ್ರಬಂಧದ ಕೃತಜ್ಞತೆಯ ಪುಟ ಬರೆಯುವಾಗ ಅವರ ನೆನಪಾಯಿತು. ಹೆಸರನ್ನೇ ಕೇಳಿರಲಿಲ್ಲ.